ಪಿಂಕ್1 ಕೈನೇಸ್ ಇರುವುದು ಮೈಟೊಕಾಂಡ್ರಿಯದಲ್ಲೋ, ಸೈಟೊಸೋಲ್‌ನಲ್ಲೋ?

ಪಿಂಕ್1 ಒಂದು ಕೈನೇಸ್, ಅಂದರೆ ಇತರ ಪ್ರೋಟೀನುಗಳಿಗೆ ಫಾಸ್ಫೇಟ್ ಸೇರಿಸುವ ಕಿಣ್ವ. ಅದರ ಸ್ಥಳ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎನ್ನುತ್ತದೆ ಒಂದು ದತ್ತಸಂಚಯ, ಕೋಶದೊಳಗಿನ ದ್ರವವಾದ ಸೈಟೊಸೋಲ್ ಎನ್ನುತ್ತದೆ ಇನ್ನೊಂದು, ಯಾವುದನ್ನು ನಂಬಲಿ ಎಂದಿದ್ದೀರಿ. ನನ್ನ ಸಂಶೋಧನೆಯ ಆರಂಭದ ದಿನಗಳನ್ನು ನುಂಗಿದ್ದೇ ಈ ಗೊಂದಲ.

ಪಿಂಕ್1ಗೆ ಹಸಿರು ಹೊಳಪಿನ ಗುರುತು ಪ್ರೋಟೀನಾದ ಜಿಎಫ್‌ಪಿಯನ್ನು ಜೋಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕೋಶದ ತುಂಬ ಹಸಿರು. ಮೈಟೊಕಾಂಡ್ರಿಯದ ಎಳೆಗಳ ಸುಳಿವೇ ಇಲ್ಲ. ಸೈಟೊಸೋಲೇ ಸರಿ ಎಂದುಕೊಂಡು ಅದರ ಮೇಲೆ ಒಂದರ ಹಿಂದೊಂದು ಪ್ರಯೋಗ ಕಟ್ಟಿದೆ. ಎಲ್ಲವೂ ಕಸದ ಬುಟ್ಟಿ ಸೇರಿದವು. ಏಕೆಂದರೆ ಜಿಎಫ್‌ಪಿಯನ್ನು ನಾನು ಜೋಡಿಸಿದ್ದು ಪ್ರೋಟೀನ್ ಸರಪಳಿಯ ಆರಂಭಕ್ಕೆ, ಅಂದರೆ ಅಮೈನೊ ತುದಿಗೆ. 581 ಅಮೈನೊ ಆಮ್ಲಗಳ ಈ ಪ್ರೋಟೀನನ್ನು ಮೈಟೊಕಾಂಡ್ರಿಯಕ್ಕೆ ಕರೆದೊಯ್ಯುವ ಸಂಕೇತ ಇರುವುದು ಅದೇ ತುದಿಯಲ್ಲಿ. ಲಕೋಟೆಯ ವಿಳಾಸದ ಮೇಲೆಯೇ ಅಂಚೆಚೀಟಿ ಅಂಟಿಸಿ, ಪತ್ರ ತಲುಪಲಿಲ್ಲವೆಂದು ದೂರಿದಂತಾಯಿತು. ಗುರುತನ್ನು ಸರಪಳಿಯ ಕೊನೆಗೆ, ಅಂದರೆ ಕಾರ್ಬಾಕ್ಸಿಲ್ ತುದಿಗೆ ಹಾಕಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಎರಡರಲ್ಲಿ ಒಂದನ್ನು ಆರಿಸುವ ಹಟವನ್ನೇ ಬಿಡಿ. ಪಿಂಕ್1ಗೆ ಸ್ಥಳ ಎಂಬುದು ಮೈಟೊಕಾಂಡ್ರಿಯದ ಆರೋಗ್ಯದ ವರದಿ. ಒಳಪೊರೆಯ ವಿದ್ಯುತ್ ವಿಭವ ಸರಿಯಿದ್ದಾಗ ಪಿಂಕ್1ನ ತುದಿ ಒಳಪೊರೆಯವರೆಗೆ ಎಳೆಯಲ್ಪಡುತ್ತದೆ. ಅಲ್ಲಿ ಪಾರ್ಲ್ ಎಂಬ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಅದನ್ನು ಕತ್ತರಿಸುತ್ತದೆ. ಉಳಿದ ಸುಮಾರು 52 ಕಿಲೋಡಾಲ್ಟನ್ ತೂಕದ ತುಂಡು ಸೈಟೊಸೋಲ್‌ಗೆ ಮರಳಿ, ಬೇಡವಾದ ಪ್ರೋಟೀನುಗಳನ್ನು ಒಡೆಯುವ ಯಂತ್ರವಾದ ಪ್ರೋಟಿಯಸೋಮ್‌ನಲ್ಲಿ ನಾಶವಾಗುತ್ತದೆ. ಹಾಗಾಗಿ ಆರೋಗ್ಯವಂತ ಕೋಶದಲ್ಲಿ ಅದು ಕಾಣಿಸುವುದೇ ಕಷ್ಟ. ವಿಭವ ಕುಸಿದರೆ ಆಮದು ನಿಲ್ಲುತ್ತದೆ. ಕತ್ತರಿ ತಾಗದ ಪೂರ್ಣ ಪ್ರೋಟೀನ್ ಹೊರಪೊರೆಯ ಮೇಲೆ, ಕೈನೇಸ್ ಭಾಗವನ್ನು ಸೈಟೊಸೋಲ್‌ನತ್ತ ಚಾಚಿಕೊಂಡು, ಗುಂಪುಗೂಡುತ್ತದೆ.

ಅದರ ಕೆಲಸ ಶುರುವಾಗುವುದು ಆಗ. ಯುಬಿಕ್ವಿಟಿನ್ ಎಂಬುದು ಇತರ ಪ್ರೋಟೀನುಗಳಿಗೆ ಅಂಟುವ ಪುಟ್ಟ ಗುರುತು ಪ್ರೋಟೀನು, ಪಾರ್ಕಿನ್ ಅದನ್ನು ಅಂಟಿಸುವ ಕಿಣ್ವ. ಪಿಂಕ್1 ಯುಬಿಕ್ವಿಟಿನ್‌ನ 65ನೆಯ ಸೆರೀನ್‌ಗೂ ಪಾರ್ಕಿನ್‌ನ 65ನೆಯ ಸೆರೀನ್‌ಗೂ ಫಾಸ್ಫೇಟ್ ಸೇರಿಸುತ್ತದೆ. ಎಚ್ಚೆತ್ತ ಪಾರ್ಕಿನ್ ಹೊರಪೊರೆಯ ಪ್ರೋಟೀನುಗಳಿಗೆ ಇನ್ನಷ್ಟು ಯುಬಿಕ್ವಿಟಿನ್ ಹಚ್ಚುತ್ತದೆ, ಅದಕ್ಕೆ ಪಿಂಕ್1 ಮತ್ತೆ ಫಾಸ್ಫೇಟ್ ಹಚ್ಚುತ್ತದೆ, ಕೆಟ್ಟ ಮೈಟೊಕಾಂಡ್ರಿಯ ವಿಲೇವಾರಿಯ ದಾರಿ ಹಿಡಿಯುತ್ತದೆ. ಪಿಂಕ್1 ಜೀನಿನ ಎರಡೂ ಪ್ರತಿಗಳು ಕೆಟ್ಟರೆ ಕಿರಿಯ ವಯಸ್ಸಿನಲ್ಲೇ ಪಾರ್ಕಿನ್ಸನ್ ಕಾಯಿಲೆ ಬರಬಹುದೆಂದು 2004ರಲ್ಲಿ ವರದಿಯಾಯಿತು.

ದತ್ತಸಂಚಯಗಳ ಜಗಳ ಬಿಡಿಸುವ ಬದಲು, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಗುರುತಿಸುವ ವೆಸ್ಟರ್ನ್ ಬ್ಲಾಟ್ ಮಾಡಿ. ವಿಭವವನ್ನು ಕುಸಿಸುವ ರಾಸಾಯನಿಕವಾದ ಸಿಸಿಸಿಪಿ ಹಾಕದ ಕೋಶ, ಹಾಕಿದ ಕೋಶ, ಪ್ರೋಟಿಯಸೋಮನ್ನು ತಡೆದ ಕೋಶ, ಮೂರನ್ನೂ ಅಕ್ಕಪಕ್ಕ ಓಡಿಸಿ. ಸಿಸಿಸಿಪಿ ಹಾಕಿದಲ್ಲಿ ಪೂರ್ಣ ಪ್ರೋಟೀನಿನ ಸುಮಾರು 63 ಕಿಲೋಡಾಲ್ಟನ್ ಪಟ್ಟಿ, ಪ್ರೋಟಿಯಸೋಮ್ ತಡೆದಲ್ಲಿ 52ರದ್ದು ಎದ್ದು ಕಾಣಬೇಕು. ಪ್ರಯೋಗಾಲಯಗಳಲ್ಲಿ ಬೆಳೆಸುವ ಮಾನವ ಕೋಶಗಳಾದ ಹೀಲಾ ಬಳಸುವುದಾದರೆ ಇನ್ನೊಂದು ಮಾತು: ಅವುಗಳಲ್ಲಿ ಪಾರ್ಕಿನ್ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಹೊರಗಿನಿಂದ ಸೇರಿಸದೆ ಮುಂದಿನ ಹಂತಗಳಿಗಾಗಿ ಕಾಯುತ್ತಾ ಕೂರಬೇಡಿ.