ಓದುಗರ ಪ್ರಶ್ನೆ: ಎರಡೇ ಶಾಕ್ ಅಬ್ಸಾರ್ಬರ್‌ಗೆ ದುಡ್ಡಿದೆ, ಯಾವುದು ಬದಲಿಸಲಿ?

ಪ್ರಶ್ನೆ: ನನ್ನ ಸಣ್ಣ ಲಾರಿಗೆ ಹಿಂದೆ ಮುಂದೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಇದೆ. ಚಕ್ರದ ಕುಣಿತ ತಡೆಯುವ ಮುಂದಿನ ಎಡಗಡೆ ಶಾಕ್ ಅಬ್ಸಾರ್ಬರ್‌ನಿಂದ ಆಯಿಲ್ ಇಳಿಯುತ್ತಿದೆ, ಹಿಂದೆ ಬಲಗಡೆ ಕಟಕಟ ಸದ್ದು. ನಾಲ್ಕೂ ಬದಲಿಸಿ ಎನ್ನುತ್ತಾರೆ ಮೆಕ್ಯಾನಿಕ್. ಇರುವ ಹಣ ಎರಡಕ್ಕೆ ಮಾತ್ರ. ಮುಂದೊಂದು, ಹಿಂದೊಂದು ಹಾಕಿದರೆ ಆದೀತೇ?

ಉತ್ತರ: ಬೇಡ. ಒಂದು ಆಕ್ಸಲ್‌ಗೆ (ಚಕ್ರದ ಅಚ್ಚಿಗೆ) ಎಡ, ಬಲ ಎರಡನ್ನೂ ಒಟ್ಟಿಗೇ ಹಾಕಬೇಕು. ಒಂದು ಹೊಸದು, ಇನ್ನೊಂದು ಸವೆದದ್ದಾದರೆ ಎರಡು ಚಕ್ರಗಳ ಕುಣಿತ ಬೇರೆ ಬೇರೆಯಾಗಿ, ಬ್ರೇಕ್ ಹಿಡಿದಾಗ ಗಾಡಿ ನೇರ ನಿಲ್ಲುವುದು ಕಷ್ಟ. ಹಣವನ್ನು ಮುಂದಿನ ಜೋಡಿಗೆ ಹಾಕಿ.

ಹಿಂದಿನ ಸದ್ದಿಗೆ ಶಾಕನ್ನೇ ದೂರುವ ಮೊದಲು ಅದರ ಎರಡೂ ತುದಿಯ ರಬ್ಬರ್ ಬುಷ್ ನೋಡಿ. ಸಣ್ಣ ಹಾರೆ ಕೊಟ್ಟು ಮೀಟಿದಾಗ ಬೋಲ್ಟಿನ ಸುತ್ತ ಅಲುಗಾಡಿದರೆ ಬುಷ್ ಮಾತ್ರ ಬದಲಿಸಿದರೆ ಸಾಕು, ಖರ್ಚು ತೀರಾ ಕಡಿಮೆ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಸಡಿಲವಾಗಿದ್ದರೂ ಇಂಥದ್ದೇ ಸದ್ದು ಬರುತ್ತದೆ. ಬುಷ್ ಗಟ್ಟಿಯಿದ್ದರೆ ಹಾಳು ರಸ್ತೆಯಲ್ಲಿ ಹತ್ತು ಹದಿನೈದು ಕಿ.ಮೀ. ಓಡಿಸಿ, ಸೈಲೆನ್ಸರ್‌ಗೆ ಕೈ ತಾಗದಂತೆ ಹಿಂದಿನ ಎರಡೂ ಶಾಕ್ ಮುಟ್ಟಿ. ಕೆಲಸ ಮಾಡುವ ಶಾಕ್ ಬೆಚ್ಚಗಿರುತ್ತದೆ. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ತಣ್ಣಗಿರುವುದು ಸತ್ತಿದೆ. ಬಂಪರ್ ಒತ್ತಿ ಬಿಟ್ಟು ಕುಣಿತ ನೋಡುವುದು ಕಾರಿಗೆ ಸರಿ, ಲಾರಿಯ ಬಿಗಿ ಸ್ಪ್ರಿಂಗ್‌ನಲ್ಲಿ ಏನೂ ತಿಳಿಯದು.

ಆಯಿಲ್ ತುಂಬಿಸಿ ಬಣ್ಣ ಬಳಿದ ಹಳೆಯ ಶಾಕ್ ಅಗ್ಗಕ್ಕೆ ಸಿಗುತ್ತದೆ, ಅದನ್ನು ಮುಟ್ಟಬೇಡಿ. ಒಳಗಿನ ವಾಲ್ವ್, ಗೀರು ಬಿದ್ದ ರಾಡ್ ಹಾಗೆಯೇ ಇದ್ದರೆ ಸೀಲ್ ಮತ್ತೆ ಹೋಗುತ್ತದೆ. ಬೇರೆ ಕಂಪನಿಯ ಹೊಸದು ಕೊಳ್ಳುವುದಾದರೆ ಪಾರ್ಟ್ ನಂಬರ್ ತಾಳೆ ನೋಡಿ. ಪೂರ್ತಿ ಎಳೆದಾಗಿನ ಉದ್ದ, ಒತ್ತಿದಾಗಿನ ಉದ್ದ, ಬೋಲ್ಟಿನ ದಪ್ಪ ಮೂರೂ ಹೊಂದಬೇಕು. ಒತ್ತಿದಾಗ ಉದ್ದ ಹೆಚ್ಚಿದ್ದರೆ ಗುಂಡಿಗೆ ಬಿದ್ದಾಗ ತಳ ಹೊಡೆದು ರಾಡ್ ಬಾಗುತ್ತದೆ. ಎಳೆದಾಗ ಸಾಲದಿದ್ದರೆ ಚಕ್ರ ಇಳಿದಾಗ ಕಿತ್ತು ಬರುತ್ತದೆ.

ಕೂಲಿ ಉಳಿಸಬೇಕೆಂದರೆ ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ ನೀವೇ ಹಾಕಬಹುದು. ಕಾಯಿಲ್ ಸ್ಪ್ರಿಂಗ್ ಸುತ್ತಿದ ಸ್ಟ್ರಟ್ ಆದರೆ ಖಂಡಿತ ಕೈಹಾಕಬೇಡಿ. ತುಕ್ಕು ಹಿಡಿದ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಖಾಲಿ ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಮುಂದಿನ ಆಕ್ಸಲನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಗ್ಯಾಸ್ ತುಂಬದ, ಬರೀ ಆಯಿಲ್ ಶಾಕ್ ಆದರೆ ಕೂರಿಸುವ ಮುಂಚೆ ನೆಟ್ಟಗೆ ಹಿಡಿದು ನಾಲ್ಕೈದು ಸಲ ಎಳೆದು ಒತ್ತಿ, ಒಳಗೆ ಸಿಕ್ಕಿದ ಗಾಳಿ ಮೇಲೆ ಬರುತ್ತದೆ.

ಪ್ರಶ್ನೆ: ಹೊಸ ಶಾಕ್ ಹಾಕಿಸಿ ತಿಂಗಳಲ್ಲೇ ಬುಷ್ ಹರಿಯಿತು. ಮಾಲೇ ಕಳಪೆಯೇ?

ಉತ್ತರ: ಇರಬಹುದು, ಆದರೆ ಚಕ್ರ ನೇತಾಡುವಾಗಲೇ ಶಾಕ್‌ನ ಬೋಲ್ಟ್ ಬಿಗಿಮಾಡಿದ್ದರ ಫಲವಾಗಿರುವ ಸಾಧ್ಯತೆಯೇ ಹೆಚ್ಚು. ಹಾಗೆ ಬಿಗಿದರೆ ಗಾಡಿ ನೆಲಕ್ಕೆ ಇಳಿದಾಗ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ, ಒಂದೊಂದು ಗುಂಡಿಗೂ ಇನ್ನಷ್ಟು ತಿರುಚುತ್ತದೆ. ಹೊಸ ಬುಷ್ ಹಾಕಿಸುವಾಗ ಬೋಲ್ಟ್‌ಗಳನ್ನು ಕೈಬಿಗಿಯಲ್ಲಿ ಬಿಟ್ಟು, ಚಕ್ರ ಇಳಿಸಿ, ಗಾಡಿಯ ಭಾರ ಪೂರ್ತಿ ಕೂತ ಮೇಲೆ ಕೊನೆಯ ಬಿಗಿ ಕೊಡಿಸಿ.