ಚಳಿಗೆ ಏಳದ ಮಿನಿ ಟ್ರ್ಯಾಕ್ಟರ್

ಪ್ರಶ್ನೆ: ಹೊಸನಗರ ಹತ್ತಿರ ನಮ್ಮ ಅಡಿಕೆ ತೋಟ. ಈಗ ಕೊಯ್ಲು. ಬೆಳಿಗ್ಗೆ ಆರೂವರೆಗೆ ಮಿನಿ ಟ್ರ್ಯಾಕ್ಟರ್ ಕೀ ತಿರುಗಿಸಿದರೆ ಒಂದೆರಡು ಸಲ ನರಳಿ ನಿಂತುಬಿಡುತ್ತದೆ. ಬಿಸಿಲೇರಿದ ಮೇಲೆ ಸರಿ. ಚಳಿಗೆ ಡೀಸೆಲ್ ಹೆಪ್ಪುಗಟ್ಟಿರಬಹುದಾ?

ಉತ್ತರ: ಇಲ್ಲ ಮಾರಾಯ್ರೇ. ಡೀಸೆಲ್ ಒಳಗಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುವುದು ಲಡಾಖ್‌ನಂಥ ಕಡೆ, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ. ಮಲೆನಾಡಿನ ಚಳಿ ಅಷ್ಟಿಲ್ಲ.

ನನ್ನ ಅನುಮಾನ ಬ್ಯಾಟರಿ ಮೇಲೆ. ಚಳಿಯಲ್ಲಿ ಅದರ ಶಕ್ತಿ ಕುಗ್ಗುತ್ತದೆ, ಅದೇ ಹೊತ್ತಿಗೆ ಆಯಿಲ್ ದಪ್ಪಗಾಗಿ ಇಂಜಿನ್ ಬಿಗಿಯಾಗುತ್ತದೆ. ಹೋದ ವರ್ಷ ತೀರ್ಥಹಳ್ಳಿಯಲ್ಲಿ ನನ್ನ ಗಾಡಿಗೂ ಹೀಗೇ ಆಗಿತ್ತು. ಟರ್ಮಿನಲ್ ಬಿಚ್ಚಿ ನೋಡಿದರೆ ಹಸಿರು ಮಿಶ್ರಿತ ಬಿಳಿ ಪುಡಿ, ಸುಣ್ಣ ಮೆತ್ತಿದ ಹಾಗೆ! ಮೈನಸ್ ವೈರ್ ಮೊದಲು ಕಳಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಬ್ರಶ್‌ನಲ್ಲಿ ಉಜ್ಜಿದೆ. ಒಣಗಿಸಿ, ಬಿಗಿ ಮಾಡಿ, ವ್ಯಾಸಲೀನ್ ಸವರಿದೆ. ಮಾರನೇ ದಿನ ಒಂದೇ ಕೀಗೆ ಎದ್ದಿತು.

ಗ್ಲೋ ಪ್ಲಗ್ (ಸ್ಟಾರ್ಟ್‌ಗೆ ಮೊದಲು ಇಂಜಿನ್ ಒಳಗೆ ಬಿಸಿ ಮಾಡುವ ಕಡ್ಡಿ) ಇದ್ದರೆ ಅದರ ದೀಪ ಆರುವವರೆಗೆ ಕಾಯಿರಿ. ಕ್ಲಚ್ ಪೂರ್ತಿ ತುಳಿದೇ ಸ್ಟಾರ್ಟ್ ಮಾಡಿ, ಗೇರ್ ಬಾಕ್ಸ್‌ನ ದಪ್ಪ ಆಯಿಲಿನ ಭಾರ ತಪ್ಪುತ್ತದೆ. ಒಂದೇ ಸಮನೆ ಕೀ ಹಿಡಿಯಬೇಡಿ. ಹತ್ತು ಸೆಕೆಂಡ್ ಸಾಕು, ಆಮೇಲೆ ಸ್ವಲ್ಪ ಬಿಡಿ. ಸಂಜೆಯೇ ಟ್ಯಾಂಕ್ ತುಂಬಿಸಿಡಿ. ಖಾಲಿ ಟ್ಯಾಂಕಲ್ಲಿ ರಾತ್ರಿ ನೀರಿನ ಹನಿ ಕೂರುತ್ತದೆ.

ಕೆಲವರು ಇಂಜಿನ್ ಅಡಿಗೆ ಒಣ ಸೋಗೆ ಉರಿ ಹಾಕುತ್ತಾರೆ. ದಯವಿಟ್ಟು ಬೇಡ. ಡೀಸೆಲ್ ಪೈಪ್ ಅಲ್ಲೇ ಇರುತ್ತದೆ ಅಲ್ವಾ? ಇಷ್ಟಾದರೂ ಏಳದಿದ್ದರೆ ಬ್ಯಾಟರಿಗೆ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ, ಅಂದರೆ ಹೆಚ್ಚು ಕರೆಂಟ್ ಎಳೆದಾಗ ಅದು ತಡೆಯುತ್ತದಾ ಅಂತ ನೋಡಿ.