ಬೀದರ್‌ಗೆ ಹೊರಟಿದ್ದೀರಾ? ಮೊದಲು ನೌಬಾದ್‌ನಲ್ಲಿ ಕಾರು ನಿಲ್ಲಿಸಿ

ಕಲಬುರಗಿಯಿಂದ ಅಪ್ಪ, ಅಮ್ಮ ಮತ್ತು ಇಬ್ಬರು ಮಕ್ಕಳ ಜೊತೆ ಕಾರಲ್ಲಿ ಬೀದರ್‌ಗೆ ಹೋಗಬೇಕು, ಕೋಟೆಯ ಜೊತೆಗೆ ನೌಬಾದ್‌ನಲ್ಲಿರುವ ನೆಲದಡಿಯ ಹಳೇ ಕಾಲುವೆಯನ್ನೂ ನೋಡಬೇಕಾ, ಅದಕ್ಕೆ ಅಷ್ಟು ಹೊತ್ತು ಕೊಡೋದು ಸಾರ್ಥಕವಾ ಅಂತ ಕೇಳಿದ್ದೀರಿ.

ಖಂಡಿತ ಸಾರ್ಥಕ. ನನ್ನನ್ನು ಕೇಳಿದರೆ ಕಾಲುವೆ ಮೊದಲು, ಕೋಟೆ ಆಮೇಲೆ. ನಾನು ಕಲಬುರಗಿಯವನು, ಹೆಂಡತಿಯ ತವರು ಬೀದರ್. ಮನೆಗೆ ಬಂದ ನೆಂಟರನ್ನೆಲ್ಲ ಇದೇ ಕ್ರಮದಲ್ಲಿ ತಿರುಗಿಸುತ್ತೇನೆ. ಊರಿಗೆ ನೀರು ಎಲ್ಲಿಂದ ಬಂತು ಅಂತ ತಿಳಿದವರಿಗೆ ಕೋಟೆಯೇ ಬೇರೆ ಥರ ಕಾಣುತ್ತದೆ.

ದಾರಿಯಿಂದಲೇ ಶುರು ಮಾಡಿ. ಕಮಲಾಪುರ, ಹುಮನಾಬಾದ್ ಮೇಲೆ ಹೋದರೆ ಸುಮಾರು 115 ಕಿಲೋಮೀಟರ್. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಸಿಕ್ಕರೆ ತಗೊಳ್ಳಿ, ಮಕ್ಕಳಿಗೆ ದಾರಿಯ ತಿಂಡಿ ಆಯ್ತು. ಆಮೇಲೆ ಮಕ್ಕಳಿಗೆ ಒಂದು ಕೆಲಸ ಕೊಡಿ: ಮಣ್ಣಿನ ಬಣ್ಣ ನೋಡುತ್ತಾ ಇರಲಿ. ನಮ್ಮ ಕಡೆ ತೊಗರಿ ಹೊಲದ ಕಪ್ಪು ಎರೆ ಮಣ್ಣು. ಬೀದರ್ ಹತ್ತಿರವಾದಂತೆ ನೆಲ ಏರುತ್ತದೆ, ಮಣ್ಣು ಕೆಂಪಾಗುತ್ತದೆ. ಆ ಕೆಂಪು ಕಲ್ಲಿನಲ್ಲೇ ಕಾಲುವೆಯ ಗುಟ್ಟು ಇರೋದು.

ಬಹಮನಿ ಸುಲ್ತಾನರ ರಾಜಧಾನಿ 1347ರಿಂದ ನಮ್ಮ ಕಲಬುರಗಿಯೇ ಆಗಿತ್ತು. 15ನೇ ಶತಮಾನದಲ್ಲಿ ಅಹಮದ್ ಷಾ ಅದನ್ನು ಬೀದರ್‌ಗೆ ಒಯ್ದ. ಊರು ಎತ್ತರದಲ್ಲಿದೆ, ಮಾಂಜ್ರಾ ನದಿ ದೂರ, ಅದೂ ಕೆಳಗೆ. ಆಗ ಪಂಪು ಇಲ್ಲ, ಮೋಟರು ಇಲ್ಲ. ಅಷ್ಟು ಜನಕ್ಕೆ ನೀರು ಕೊಟ್ಟಿದ್ದು ಇರಾನ್ ಕಡೆಯಿಂದ ಬಂದ ಒಂದು ವಿದ್ಯೆ. ಅದೇ ಕರೇಜ್. ನಮ್ಮವರು ಸುರಂಗ ಬಾವಿ ಅಂತಲೂ ಅನ್ನುತ್ತಾರೆ.

ಬೀದರ್ ನೆಲದ ಮೇಲಿನ ಪದರ ಕೆಂಪು ಜಂಬಿಟ್ಟಿಗೆ ಕಲ್ಲು, ಅದರಲ್ಲಿ ತೂತುಗಳು ಜಾಸ್ತಿ. ಮಳೆ ನೀರು ಅದರೊಳಗೆ ಇಂಗಿ ಇಳಿಯುತ್ತದೆ. ಕೆಳಗಿನ ಗಟ್ಟಿ ಪದರ ಅದನ್ನು ತಡೆಯುತ್ತದೆ, ನೀರು ಅಲ್ಲೇ ನಿಲ್ಲುತ್ತದೆ. ಆ ಮಟ್ಟಕ್ಕೆ ಮೊದಲು ಒಂದು ತಾಯಿ ಬಾವಿ ತೋಡುತ್ತಿದ್ದರು. ಅಲ್ಲಿಂದ ಇಳಿಜಾರಿನ ಕಡೆಗೆ ಸಾಲಾಗಿ ಗಂಡಿಗಳನ್ನು ಇಳಿಸಿ, ತಳದಲ್ಲಿ ಒಂದಕ್ಕೊಂದು ಸುರಂಗ ಕೂಡಿಸುತ್ತಿದ್ದರು. ಅಗೆದ ಮಣ್ಣು ಮೇಲೆ ಬಂದಿದ್ದು, ಒಳಗಿನವರಿಗೆ ಗಾಳಿ ಬೆಳಕು ಸಿಕ್ಕಿದ್ದು ಅದೇ ಗಂಡಿಗಳಿಂದ. ಇದರಲ್ಲಿ ಕಷ್ಟದ ಕೆಲಸ ಅಂದರೆ ಇಳಿಜಾರು. ಜಾಸ್ತಿಯಾದರೆ ನೀರು ರಭಸಕ್ಕೆ ಸುರಂಗವನ್ನೇ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ನೆಲದೊಳಗೆ, ದೀಪದ ಬೆಳಕಲ್ಲಿ, ಆ ಮಟ್ಟ ಹಿಡಿದವರ ಹೆಸರು ಯಾರೂ ಬರೆದಿಡಲಿಲ್ಲ. ಪ್ರತಿ ಸಲ ಅಲ್ಲಿ ನಿಂತಾಗ ನನಗೆ ಅವರದೇ ನೆನಪು.

ನೌಬಾದ್ ಕರೇಜ್ ಸುಮಾರು 3 ಕಿಲೋಮೀಟರ್ ಉದ್ದ, 20ಕ್ಕೂ ಹೆಚ್ಚು ಗಂಡಿಗಳು. ಹುಮನಾಬಾದ್ ಕಡೆಯಿಂದ ಬರುವವರಿಗೆ ಪೇಟೆಗಿಂತ ಮೊದಲೇ ನೌಬಾದ್ ಸಿಗುತ್ತದೆ. ಎಷ್ಟೋ ಕಾಲ ಹೂಳು, ಕಸ ತುಂಬಿಕೊಂಡಿತ್ತು. 2015ರ ಸುಮಾರಿಗೆ ಹೂಳು ತೆಗೆದಾಗ ಮತ್ತೆ ನೀರು ಕಾಣಿಸಿತು. ಮಕ್ಕಳಿಗೆ ಒಂದು ಗಂಡಿ ತೋರಿಸಿ ಹೊರಟುಬಿಡಬೇಡಿ. ಒಂದರಿಂದ ಮುಂದಿನದಕ್ಕೆ ನಡೆಸಿ. ಎರಡು ಮೂರು ದಾಟುವಷ್ಟರಲ್ಲಿ ಕಾಲಡಿಯಲ್ಲಿ ಕಾಲುವೆ ಯಾವ ದಿಕ್ಕಿಗೆ ಹೋಗುತ್ತಿದೆ ಅಂತ ಅವರೇ ಕೈ ಮಾಡಿ ತೋರಿಸುತ್ತಾರೆ. ನನ್ನ ಮಗಳು ಹಾಗೇ ಮಾಡಿದಳು, ನಾವು ಹೇಳುವ ಮೊದಲೇ ಮುಂದಿನ ಗಂಡಿ ಹುಡುಕಿದಳು. ಅಂಚಿಗೆ ಹೋಗುವಾಗ ಮಾತ್ರ ಕೈ ಬಿಡಬೇಡಿ. ಸ್ಥಳೀಯರನ್ನು ಕೇಳದೆ ಒಳಗೆ ಇಳಿಯಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ಮತ್ತೆ ಒಂದು ಕಳಕಳಿಯ ಮಾತು: ನೀರಿನ ಬಾಟಲಿ, ಕುರ್ಕುರೆ ಪ್ಯಾಕೆಟ್ ಗಂಡಿಗೆ ಬೀಳದಂತೆ ನೋಡಿಕೊಳ್ಳಿ. ಮೇಲಿಂದ ಬಿದ್ದಿದ್ದೆಲ್ಲ ಸುರಂಗಕ್ಕೇ ಹೋಗುತ್ತದೆ.

ಮಧ್ಯಾಹ್ನಕ್ಕೆ ಗುರುನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ. ಅಲ್ಲಿನ ಬುಗ್ಗೆಯೂ ಈ ಕೆಂಪು ಕಲ್ಲಿನದೇ ಕೊಡುಗೆ. ತಲೆ ಮುಚ್ಚಿಕೊಳ್ಳಲು ಬಟ್ಟೆ ಇರಲಿ. ಲಂಗರ್‌ನಲ್ಲಿ, ಅಂದರೆ ಅಲ್ಲಿನ ದಾಸೋಹದಲ್ಲಿ, ಎಲ್ಲರ ಜೊತೆ ಕೂತು ಊಟ ಮಾಡಿ, ಅಪ್ಪ ಅಮ್ಮನಿಗೆ ನೆರಳಲ್ಲಿ ವಿಶ್ರಾಂತಿಯೂ ಆಗುತ್ತದೆ. ನರಸಿಂಹ ಝರಣಿ ಎಂಬ ಗುಹಾ ದೇವಸ್ಥಾನದ ವಿಷಯ ಬೇರೆ. ಗುಹೆಯೊಳಗೆ ಎದೆಮಟ್ಟದ ನೀರಲ್ಲಿ ಸುಮಾರು 300 ಮೀಟರ್ ನಡೆಯಬೇಕು. ದಮ್ಮು, ಬಿಪಿ ಇರುವ ಹಿರಿಯರನ್ನು ಕರೆದೊಯ್ಯಬೇಡಿ. ಹೋಗೋದೇ ಆದರೆ ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ.

ಕೋಟೆಗೆ ಬಿಸಿಲು ಇಳಿದ ಮೇಲೆ ಹೋಗಿ. ಬಂಡೆ ಕಡಿದು ಮಾಡಿದ ಮೂರು ಸುತ್ತಿನ ಕಂದಕವನ್ನು ಬಾಗಿಲಲ್ಲೇ ನಿಂತು ನೋಡಿ. ಒಳಗೆ ರಂಗೀನ್ ಮಹಲ್ ತೆರೆಸಿದರೆ ನಿಮ್ಮ ಪುಣ್ಯ. ಕರೀ ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಚೂರುಗಳು ನೀವು ಒಂದು ಹೆಜ್ಜೆ ಸರಿದರೆ ಬಣ್ಣ ಬದಲಿಸುತ್ತವೆ. ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾವನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಮಿನಾರಿನ ಮೇಲೆ ಉಳಿದ ಹಂಚುಗಳ ನೀಲಿ ಬಣ್ಣ ಆಗ ಚೆನ್ನಾಗಿ ಕಾಣುತ್ತದೆ. ಅಲ್ಲಿಂದ ಬಿದರಿ ಕೆಲಸದವರ ಅಂಗಡಿಗಳೂ ದೂರವಿಲ್ಲ. ಹಳೇ ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿ ನೀರಿಗೆ ಬೆಳ್ಳಿ ಕೂರಿಸಿದ ಸತುವಿನ ಹೂಜಿ ಹಾಕಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಕ್ಕಳ ಎದುರಲ್ಲೇ ಬಣ್ಣ ತಿರುಗುವುದನ್ನು ತೋರಿಸಿ ಅಂತ ಕೇಳಿ, ಕೆಲಸ ನಡೆದಿದ್ದರೆ ಬಹಳ ಪ್ರೀತಿಯಿಂದ ತೋರಿಸುತ್ತಾರೆ.

ಅಂದರೆ ಒಂದು ರಾತ್ರಿ ಉಳಿಯಲೇಬೇಕು. ಒಂದೇ ದಿನದಲ್ಲಿ ಓಡಾಡಿದರೆ ಹಿರಿಯರಿಗೆ ಸುಸ್ತು, ಮಕ್ಕಳಿಗೆ ಕಿರಿಕಿರಿ. ಸೆಪ್ಟೆಂಬರ್‌ನಿಂದ ಜನವರಿವರೆಗೆ ಒಳ್ಳೇ ಕಾಲ. ವಾಪಸ್ ಬರುವಾಗ ಬಸವಕಲ್ಯಾಣ ನೋಡಿಕೊಂಡು ಬರೋಣ ಅನ್ನಿಸುತ್ತದೆ, ಹುಮನಾಬಾದ್‌ನಿಂದ ಹತ್ತಿರವೇ. ಆದರೆ ಅನುಭವ ಮಂಟಪ, ಕೋಟೆ ಎಲ್ಲ ಅವಸರದಲ್ಲಿ ನೋಡುವ ಜಾಗಗಳಲ್ಲ, ಅದಕ್ಕೆ ಇನ್ನೊಂದು ಭಾನುವಾರ ಇಟ್ಟುಕೊಳ್ಳಿ.